ಬಿಚ್ಚುವ ಮೊದಲು, ಮುಚ್ಚುವ ಮೊದಲು

ಹಳ್ಳಿಯ ಕಡೆ ಡ್ರೈವರ್ ಎಂಬ ಮಾತಿಗೆ ಒಂದು ಗತ್ತಿದೆ. ಆ ಗತ್ತೆಲ್ಲ ಇರುವುದು ಅವನ ಎಡಗಾಲು, ಎಡಗೈಯಲ್ಲಿ. ಕ್ಲಚ್ ಒತ್ತಿ, ಗೇರ್ ರಾಡನ್ನು ಕರಕರ ಎನ್ನದ ಹಾಗೆ ಎರಡರಿಂದ ಮೂರಕ್ಕೆ ಜಾರಿಸಿದನೆಂದರೆ ಪಕ್ಕದಲ್ಲಿ ಕುಳಿತವರು 'ಕೈ ಒಳ್ಳೇದು' ಎಂದು ತಲೆದೂಗುತ್ತಾರೆ. ಹೀಗಿರುವಾಗ ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟಕ್ಕೆ ಕ್ಲಚ್ಚೇ ಇಲ್ಲದ ಕಾರೊಂದು ಬಂದು ನಿಂತಾಗ ಊರಿನ ಟ್ರ್ಯಾಕ್ಟರ್ ಓಡಿಸುವವರೆಲ್ಲ ಬಗ್ಗಿ ನೋಡಿದರು. ಎರಡೇ ಪೆಡಲ್. ಎಡಗಾಲಿಗೆ ಕೆಲಸವೇ ಇಲ್ಲ. 'ಇದೇನ್ ಮೇಷ್ಟ್ರೇ, ಮಕ್ಕಳ ಆಟದ ಕಾರು' ಎಂದು ಒಬ್ಬರು ನಕ್ಕೂ ಬಿಟ್ಟರು.

ಕಾರು ನಿವೃತ್ತ ಮೇಷ್ಟ್ರೊಬ್ಬರದು. ಅವರ ಎಡ ಮಂಡಿಗೆ ಶಸ್ತ್ರಚಿಕಿತ್ಸೆ ಆದ ಮೇಲೆ ಕ್ಲಚ್ ಒತ್ತುವುದು ಸಾಧ್ಯವಿರಲಿಲ್ಲ. ಬೆಂಗಳೂರಿನಲ್ಲಿರುವ ಮಗ ತಾನು ಹತ್ತು ವರ್ಷ ಓಡಿಸಿದ್ದ ಆಟೋಮ್ಯಾಟಿಕ್ ಕಾರನ್ನು ಅಪ್ಪನಿಗೆ ಬಿಟ್ಟುಕೊಟ್ಟಿದ್ದ. ಮೇಷ್ಟ್ರಿಗೆ ಅದು ಷೋಕಿಯ ವಸ್ತುವಲ್ಲ. ಹೆಂಡತಿಗೆ ವಾರಕ್ಕೆ ಎರಡು ಸಲ ದೊಡ್ಡಬಳ್ಳಾಪುರದಲ್ಲಿ ಡಯಾಲಿಸಿಸ್. ಹೋಗುವಾಗ ಹೇಗೋ ಹೋಗಬಹುದು. ಮುಗಿಸಿಕೊಂಡು ಬರುವಾಗ ಆ ಅಮ್ಮನಿಗೆ ಕುತ್ತಿಗೆ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಆಟೋದ ಕುಲುಕಾಟ ಅವರಿಂದ ಆಗದು.

ಅಂಥ ಕಾರು ಒಂದು ಬೆಳಿಗ್ಗೆ ರಸ್ತೆಯಲ್ಲಿ ನಿಂತುಬಿಟ್ಟಿತು. ಎಂಜಿನ್ ಭರ್ರೆಂದು ಕೂಗುತ್ತದೆ, ಚಕ್ರ ಮಾತ್ರ ತಿರುಗುವುದಿಲ್ಲ. ಪಾಪ, ಊರಿನವರು ಒಳ್ಳೆಯ ಮನಸ್ಸಿನಿಂದಲೇ ಟ್ರ್ಯಾಕ್ಟರ್ ತಂದು, ಹಗ್ಗ ಕಟ್ಟಿ, ನ್ಯೂಟ್ರಲ್ಲಿಗೆ ಹಾಕಿ ಎಳೆದುಕೊಂಡು ಹೋದರು. ಮೊದಲ ತಪ್ಪು ಅಲ್ಲೇ ಆಯಿತು. ಮಾಮೂಲಿ ಗೇರಿನ ಕಾರನ್ನು ಹಾಗೆ ಎಳೆದರೆ ನಡೆದೀತು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಎಣ್ಣೆಯನ್ನು ಎಲ್ಲ ಕಡೆ ಕಳಿಸುವ ಪಂಪು ತಿರುಗುವುದು ಎಂಜಿನ್ ಓಡುತ್ತಿದ್ದರೆ ಮಾತ್ರ. ಎಂಜಿನ್ ನಿಲ್ಲಿಸಿ, ಚಕ್ರ ನೆಲದ ಮೇಲೆ ಉರುಳುವಂತೆ ದೂರ ಎಳೆದರೆ ಒಳಗಿನ ಗಾಲಿಗಳು ಎಣ್ಣೆಯಿಲ್ಲದೆ ತಿರುಗುತ್ತವೆ. ಎಂಜಿನ್ ಯಾವ ಚಕ್ರಗಳನ್ನು ತಿರುಗಿಸುತ್ತದೋ ಆ ಚಕ್ರಗಳನ್ನು ನೆಲದಿಂದ ಎತ್ತಿ ಸಾಗಿಸಬೇಕು. ಇಲ್ಲವೇ ಇಡೀ ಕಾರನ್ನೇ ಲಾರಿಯ ಮೇಲೆ ಹೇರಬೇಕು. ಈ ಒಂದು ಸಂಗತಿಯನ್ನು ಕಾರಿರುವ ಪ್ರತಿ ಮನೆಯವರೂ ತಿಳಿದಿರುವುದು ಒಳ್ಳೆಯದು.

ಎಳೆದೊಯ್ದ ಕಡೆ, ಹೆಸರು ಬೇಡ, ಗೇರ್‌ಬಾಕ್ಸನ್ನು ಅದೇ ಸಂಜೆ ಬಿಚ್ಚಿದರು. ಸುಟ್ಟ ಪ್ಲೇಟುಗಳನ್ನು ತೆಗೆದು ಹೊಸದು ಹಾಕಿದರು, ದೊಡ್ಡ ಬಿಲ್ಲನ್ನೂ ಕೊಟ್ಟರು. ಇಪ್ಪತ್ತೇ ದಿನಕ್ಕೆ ಕಾರು ಮತ್ತೆ ನಿಂತಿತು. ಈಗ 'ಹೊಸ ಗೇರ್‌ಬಾಕ್ಸೇ ಹಾಕಬೇಕು' ಎಂಬ ಮಾತು. ಅದರ ಬೆಲೆ ಹಳೆಯ ಕಾರಿನ ಬೆಲೆಯ ಅರ್ಧದಷ್ಟಿತ್ತು. ಮೇಷ್ಟ್ರ ಪಿಂಚಣಿಗೆ ಅದು ಆಗುವ ಮಾತಲ್ಲ.

ಮೇಷ್ಟ್ರ ಮನೆಯಿಂದ ಎರಡು ಮನೆ ಆಚೆಗೆ ಒಬ್ಬ ಹುಡುಗ. ಐ.ಟಿ.ಐ.ಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಕೋರ್ಸಿನ ಎರಡನೇ ವರ್ಷ. ರಜೆಯ ದಿನಗಳಲ್ಲಿ ದೊಡ್ಡಬಳ್ಳಾಪುರದ ಒಂದು ಷೆಡ್ಡಿನಲ್ಲಿ ಕೆಲಸ ಕಲಿಯುತ್ತಿದ್ದ. ಅವನ ಅಪ್ಪ ಅದೇ ಊರಿನಲ್ಲಿ ವಿದ್ಯುತ್ ಮಗ್ಗ ಓಡಿಸುವವರು. ಎಸ್ಸೆಸ್ಸೆಲ್ಸಿಯಲ್ಲಿ ತಕ್ಕಮಟ್ಟಿಗೆ ಅಂಕ ಬಂದಿದ್ದ ಮಗ ಪಿ.ಯು.ಸಿ.ಗೆ ಹೋಗದೆ ಸ್ಪಾನರ್ ಹಿಡಿದದ್ದು ಅವರಿಗೆ ಹಿಡಿಸಿರಲಿಲ್ಲ. 'ಜೀವಮಾನವೆಲ್ಲ ನಾನು ಮಗ್ಗದ ಗ್ರೀಸ್ ಮೆತ್ಕೊಂಡಿದ್ದು ಸಾಲ್ದಾ? ನೀನೂ ಕೈ ಕಪ್ಪು ಮಾಡ್ಕೊಬೇಕಾ?' ಎಂಬುದು ಅವರ ವರಾತ. ಎಷ್ಟೋ ತಂದೆಯರ ವರಾತವೂ ಇದೇ. ಅದರಲ್ಲಿ ಕೋಪಕ್ಕಿಂತ ದಣಿವೇ ಹೆಚ್ಚಿರುತ್ತದೆ.

ಷೆಡ್ಡಿನ ಯಜಮಾನರನ್ನು ಎಲ್ಲರೂ ಕರೆಯುವುದು ಭಾಯ್ ಎಂದು. ಬೆಂಗಳೂರಿನಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿದ ಅನುಭವ ಇದ್ದವರು. ಹುಡುಗನ ಮಾತು ಕೇಳಿ ಮೇಷ್ಟ್ರು ಕಾರನ್ನು ಅಲ್ಲಿಗೆ ಕಳಿಸಿದರು, ಈ ಸಲ ಲಾರಿಯ ಮೇಲೆ ಹೇರಿ.

ಅದರೊಳಗೆ ಏನಿದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಎಚ್ಚರಿಕೆಗಳೆಲ್ಲ ಯಾಕೆಂದು ಅರ್ಥವಾಗುತ್ತದೆ. ಎದುರುಬದುರು ಇಟ್ಟ ಎರಡು ಫ್ಯಾನುಗಳನ್ನು ಊಹಿಸಿಕೊಳ್ಳಿ. ಒಂದಕ್ಕೆ ಕರೆಂಟ್ ಕೊಟ್ಟರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ತುಂಬಿ, ಎರಡನ್ನೂ ಒಂದು ಡಬ್ಬಿಯಲ್ಲಿ ಮುಚ್ಚಿ, ನಡುವೆ ಎಣ್ಣೆಯ ಹರಿವನ್ನು ತಿರುಗಿಸಿ ಬಲ ಹೆಚ್ಚಿಸುವ ಮೂರನೆಯ ರೆಕ್ಕೆಯನ್ನು ಇಟ್ಟರೆ ಅದೇ ಟಾರ್ಕ್ ಕನ್ವರ್ಟರ್. ಕ್ಲಚ್ ಮಾಡುವ ಕೆಲಸವನ್ನು ಇದು ಮಾಡುತ್ತದೆ. ಎಣ್ಣೆಯ ಮೂಲಕ ಬಲ ಸಾಗಿಸುವ ಈ ವಿದ್ಯೆಗೆ ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಆಗ ಅವರ ಲಕ್ಷ್ಯ ಹಡಗುಗಳ ಮೇಲಿತ್ತು. ಕಾರಿನಲ್ಲಿ ಪೂರ್ತಿ ತಾನೇ ಗೇರು ಬದಲಿಸುವ ಪೆಟ್ಟಿಗೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಅಮೆರಿಕದಲ್ಲಿ, 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ.

ಕನ್ವರ್ಟರಿನ ಹಿಂದೆ ಗ್ರಹಗಾಲಿಗಳ ಜೋಡಣೆ. ನಡುವೆ ಸೂರ್ಯ ಗಾಲಿ, ಅದರ ಸುತ್ತ ಗ್ರಹ ಗಾಲಿಗಳು, ಎಲ್ಲವನ್ನೂ ಸುತ್ತುವರಿದ ಉಂಗುರ ಗಾಲಿ. ಹೆಸರು ಕೇಳಿದರೆ ಪಂಚಾಂಗದ ಮಾತೇನೋ ಎನಿಸಬೇಕು, ಮೆಕ್ಯಾನಿಕ್ಕುಗಳೂ ಹಾಗೆಯೇ ಸನ್, ಪ್ಲಾನೆಟ್ ಎನ್ನುತ್ತಾರೆ. ಈ ಮೂರರಲ್ಲಿ ಯಾವುದನ್ನು ಹಿಡಿದು ನಿಲ್ಲಿಸುತ್ತೀರಿ, ಯಾವುದನ್ನು ತಿರುಗಲು ಬಿಡುತ್ತೀರಿ ಎಂಬುದರ ಮೇಲೆ ಒಂದನೇ ಗೇರು, ಎರಡನೇ ಗೇರು, ರಿವರ್ಸ್ ಎಲ್ಲ ಹುಟ್ಟುತ್ತವೆ. ಹಿಡಿಯುವ, ಬಿಡುವ ಕೆಲಸ ತೆಳ್ಳನೆಯ ಕ್ಲಚ್ ಪ್ಲೇಟುಗಳದ್ದು. ಅವುಗಳನ್ನು ಒತ್ತುವುದು ಎಣ್ಣೆ. ಯಾವ ಹೊತ್ತಿಗೆ ಯಾವ ದಾರಿಯಲ್ಲಿ ಎಣ್ಣೆ ಹೋಗಬೇಕೆಂದು ಹೇಳುವುದು ವಾಲ್ವ್ ಬಾಡಿ. ಇರುವೆ ಗೂಡಿನ ಹಾಗೆ ಒಳಗೆಲ್ಲ ಸಂದಿಗೊಂದಿ ಇರುವ ಅಲ್ಯೂಮಿನಿಯಂ ತಟ್ಟೆ. ಅದರೊಳಗಿನ ವಾಲ್ವುಗಳಿಗೂ ಗೂಡಿಗೂ ನಡುವಿನ ಅಂತರ ಕೂದಲೆಳೆಗಿಂತ ಕಡಿಮೆ. ಒಂದು ದಾರದ ಚೂರು ಸಾಕು, ವಾಲ್ವ್ ಸಿಕ್ಕಿಕೊಳ್ಳಲು.

ಕಾರು ಷೆಡ್ಡಿಗೆ ಬಂದ ದಿನ ಹುಡುಗ ಸ್ಪಾನರ್ ಸೆಟ್ಟು ಹರಡಿಕೊಂಡು ಕುಳಿತಿದ್ದ. ಭಾಯ್ ಅದನ್ನು ಕಾಲಿನಿಂದ ಬದಿಗೆ ಸರಿಸಿದರು. 'ಬಿಚ್ಚೋದು ಯಾರ್ ಬೇಕಾದ್ರೂ ಬಿಚ್ತಾರೆ ಮಗಾ. ಬಿಚ್ಚದೇ ಇರೋಕ್ ಬರುತ್ತಾ ನೋಡು ಮೊದ್ಲು' ಎಂದರು.

ಎಲ್ಲ ಎಚ್ಚರಿಕೆಗಳಲ್ಲಿ ಮೊದಲನೆಯದೂ ಜನ ಹೆಚ್ಚು ಮರೆಯುವುದೂ ಇದೇ. ಗೇರು ಬೀಳದಿರಲು ನೂರು ಕಾರಣ. ಎಣ್ಣೆ ಕಡಿಮೆಯಾಗಿರಬಹುದು. ಎಲ್ಲೋ ಒಂದು ತಂತಿ ತುಂಡಾಗಿರಬಹುದು. ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ ಜಾರಿರಬಹುದು. ಸೊಲೆನಾಯ್ಡ್ ಎಂಬ ವಿದ್ಯುತ್ ವಾಲ್ವ್ ಒಂದೇ ಕೆಟ್ಟಿರಬಹುದು. ಇವಕ್ಕೆಲ್ಲ ಪೆಟ್ಟಿಗೆ ಇಳಿಸಬೇಕಿಲ್ಲ. ಆದ್ದರಿಂದ ಡಿಪ್‌ಸ್ಟಿಕ್ ಎಳೆದು ಎಣ್ಣೆಯ ಮಟ್ಟ ನೋಡಬೇಕು, ಬಣ್ಣ ನೋಡಬೇಕು, ಮೂಸಿ ನೋಡಬೇಕು. ಈ ಎಣ್ಣೆಗೆ ಸಾಮಾನ್ಯವಾಗಿ ಕೆಂಪು ಬಣ್ಣ ಬೆರೆಸಿರುತ್ತಾರೆ, ಸೋರಿದರೆ ಎಂಜಿನ್ ಆಯಿಲ್ ಅಲ್ಲವೆಂದು ಗೊತ್ತಾಗಲಿ ಎಂದು. ಅದು ಕಂದು ತಿರುಗಿ ಸುಟ್ಟ ವಾಸನೆ ಬಂದರೆ ಪ್ಲೇಟುಗಳು ಬೆಂದಿವೆ. ಹಾಲಿನ ಚಹಾದ ಹಾಗಾಗಿದ್ದರೆ ರೇಡಿಯೇಟರಿನ ನೀರು ಒಳಗೆ ಸೇರಿದೆ. ಆಮೇಲೆ ಸ್ಕ್ಯಾನರ್ ಹಾಕಿ ಕಂಪ್ಯೂಟರ್ ಬರೆದಿಟ್ಟುಕೊಂಡಿರುವ ದೋಷದ ಸಂಖ್ಯೆಗಳನ್ನು ಓದಬೇಕು, ಮೀಟರ್ ಜೋಡಿಸಿ ಎಣ್ಣೆಯ ಒತ್ತಡ ಅಳೆಯಬೇಕು. ಬ್ರೇಕ್ ಬಿಗಿಯಾಗಿ ಒತ್ತಿ, ಗೇರಿನಲ್ಲಿಟ್ಟು ಆಕ್ಸಿಲರೇಟರ್ ತುಳಿಯುವ ಒಂದು ಪರೀಕ್ಷೆಯೂ ಇದೆ. ಆದರೆ 5 ಸೆಕೆಂಡಿಗಿಂತ ಹೆಚ್ಚು ತುಳಿದರೆ ಎಣ್ಣೆ ಕುದಿದು ಇದ್ದದ್ದೂ ಹೋಗುತ್ತದೆ. ಆ ಹೊತ್ತಿನಲ್ಲಿ ಕಾರಿನ ಮುಂದೆ, ಹಿಂದೆ ಯಾರೂ ನಿಲ್ಲಕೂಡದು.

ಈ ಎಲ್ಲ ನೋಡುವಷ್ಟರಲ್ಲಿ ಒಂದು ದಿನ ಹೋಯಿತು. ಹುಡುಗನ ನೋಟ್‌ಬುಕ್ಕಿನಲ್ಲಿ ಎರಡು ಪುಟ ತುಂಬಿತು. ಮೇಷ್ಟ್ರ ಕಾರಿನ ವಿಷಯದಲ್ಲಿ ಬಿಚ್ಚದೆ ಬೇರೆ ದಾರಿಯಿಲ್ಲ ಎಂದು ಖಚಿತವಾದದ್ದು ಆಮೇಲೆಯೇ.

ಇಳಿಸುವುದು ಈ ಕೆಲಸದಲ್ಲಿ ಜೀವಕ್ಕೆ ಅಪಾಯವಿರುವ ಭಾಗ. ಮಕ್ಕಳನ್ನು ಗ್ಯಾರೇಜಿಗೆ ಕಳಿಸುವ ತಂದೆತಾಯಿ ಬೇರೇನನ್ನು ಕೇಳದಿದ್ದರೂ ಒಂದು ಮಾತು ಕೇಳಲೇಬೇಕು: ಅಲ್ಲಿ ಕಾರಿನ ಕೆಳಗೆ ನುಗ್ಗುವಾಗ ಸ್ಟ್ಯಾಂಡ್ ಇಡುತ್ತಾರೋ, ಬರೀ ಜಾಕಿನ ಮೇಲೆ ನಂಬಿಕೆ ಇಡುತ್ತಾರೋ? ಜಾಕ್ ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಒಳಗಿನ ಒಂದು ರಬ್ಬರ್ ಸೀಲ್ ಕೊಟ್ಟರೆ ಕ್ಷಣದಲ್ಲಿ ಇಳಿದುಬಿಡುತ್ತದೆ. ಕೆಳಗಿರುವವನಿಗೆ ಕೂಗಲೂ ಸಮಯ ಸಿಗದು. ಸಮತಟ್ಟಾದ ಕಾಂಕ್ರೀಟ್ ನೆಲ, ಚಕ್ರಗಳಿಗೆ ಅಡ್ಡ ಕಟ್ಟೆ, ತೂಕ ತಡೆಯುವ ಉಕ್ಕಿನ ಸ್ಟ್ಯಾಂಡುಗಳು, ಸ್ಟ್ಯಾಂಡಿನ ಮೇಲೆ ಕೂತ ಮೇಲೆ ಕಾರನ್ನು ಒಮ್ಮೆ ಅಲ್ಲಾಡಿಸಿ ನೋಡುವುದು, ಇಷ್ಟೂ ಆದ ಮೇಲೆಯೇ ತಲೆ ಕೆಳಗೆ ಹೋಗಬೇಕು. ಇಟ್ಟಿಗೆ, ಸೈಜುಗಲ್ಲು ಇಟ್ಟು ಕಾರು ನಿಲ್ಲಿಸುವ ಅಭ್ಯಾಸ ಹಳ್ಳಿಗಳ ಕಡೆ ಇನ್ನೂ ಇದೆ. ಇಟ್ಟಿಗೆ ಮೊದಲೇ ಹೇಳಿ ಒಡೆಯುವುದಿಲ್ಲ.

ಭಾಯ್ ಷೆಡ್ಡಿನಲ್ಲಿ ಇದು ಕಟ್ಟುನಿಟ್ಟು. ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯದೆ ಯಾರೂ ಕೆಳಗಿನ ಬೋಲ್ಟ್ ಮುಟ್ಟುವಂತಿಲ್ಲ. ಓಡಿ ಬಂದ ಗಾಡಿಯ ಎಣ್ಣೆ 80-90 ಡಿಗ್ರಿ ಬಿಸಿ ಇರುತ್ತದೆ, ಕೈ ಮೇಲೆ ಬಿದ್ದರೆ ತೊಗಲು ಸುಲಿಯುತ್ತದೆ. ಆದ್ದರಿಂದ ಆರುವವರೆಗೆ ಕಾಯಬೇಕು. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಗೇರ್‌ಬಾಕ್ಸ್ ತೆಗೆದರೆ ಎಂಜಿನ್ನಿಗೆ ಆಧಾರ ತಪ್ಪುತ್ತದೆ, ಅದನ್ನು ಮೇಲಿನಿಂದ ಅಡ್ಡ ಸರಳಿಗೆ ನೇತುಹಾಕಬೇಕು. ಪೆಟ್ಟಿಗೆಯ ತೂಕ 80 ಕಿಲೋದ ಆಸುಪಾಸು. ಅದನ್ನು ಎದೆಯ ಮೇಲೆ ಇಳಿಸಿಕೊಂಡ ಸಾಹಸದ ಕತೆಗಳನ್ನು ಹಳೆಯ ಮೆಕ್ಯಾನಿಕ್ಕುಗಳು ಹೇಳುತ್ತಾರೆ. ಅವರ ಸೊಂಟ ಹಿಡಿದುಕೊಂಡಿರುವುದು ಅದೇ ಸಾಹಸದಿಂದ. ಈ ಕೆಲಸಕ್ಕೆಂದೇ ಪಟ್ಟಿ ಕಟ್ಟುವ ಜಾಕ್ ಸಿಗುತ್ತದೆ.

ಇಳಿಸಿದ ಪೆಟ್ಟಿಗೆಯ ಹೊರಮೈಯನ್ನು ಮೊದಲು ತೊಳೆದು ಒಣಗಿಸಿದರು. ಹೊರಗಿನ ಮಣ್ಣು ಒಳಗೆ ಹೋಗಬಾರದಲ್ಲ. ಹುಡುಗ ಒರೆಸಲೆಂದು ಚೀಲದಿಂದ ದಾರದ ವೇಸ್ಟು ತೆಗೆದ. ಮಗ್ಗಗಳ ಊರಿನಲ್ಲಿ ವೇಸ್ಟಿಗೆ ಬರವೇ? ಅಪ್ಪ ಕೆಲಸ ಮಾಡುವ ಕಡೆಯಿಂದಲೇ ತಂದಿದ್ದ. ಭಾಯ್ ಆ ಚೀಲವನ್ನು ಷೆಡ್ಡಿನಿಂದ ಆಚೆ ಇಡಿಸಿದರು. ಎಂಜಿನ್ನಿಗೆ, ಚಕ್ರಕ್ಕೆ ಆದೀತು. ಆಟೋಮ್ಯಾಟಿಕ್ ಪೆಟ್ಟಿಗೆಯ ಹತ್ತಿರ ಎಳೆ ಬಿಡುವ ಯಾವ ಬಟ್ಟೆಯೂ ಬರಕೂಡದು. ಒಂದು ಎಳೆ ವಾಲ್ವಿಗೆ ಸಿಕ್ಕಿದರೆ ಮೂರನೇ ಗೇರು ಬೀಳುವುದಿಲ್ಲ, ಮತ್ತೆ ಎಲ್ಲವನ್ನೂ ಬಿಚ್ಚಬೇಕು. ತೊಳೆದದ್ದನ್ನು ಗಾಳಿ ಊದಿ ಒಣಗಿಸಬೇಕು, ಎಳೆ ಬಿಡದ ಬಟ್ಟೆ ಮಾತ್ರ ಬಳಸಬೇಕು. ಊದುವಾಗ ಕಣ್ಣಿಗೆ ಕನ್ನಡಕ.

ಬಿಚ್ಚುವಾಗ ಅವಸರ ಸಲ್ಲದು ಎಂಬುದಕ್ಕೆ ರಾಜಘಟ್ಟದ ಹುಡುಗನಿಗೆ ಬೇರೆ ಕಡೆಯ ಉದಾಹರಣೆ ಬೇಕಿರಲಿಲ್ಲ. 2001ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಆ ಊರಿನಲ್ಲಿ ಉತ್ಖನನ ಮಾಡಿದಾಗ ಬೌದ್ಧ ಚೈತ್ಯ, ವಿಹಾರಗಳ ಅವಶೇಷ ಸಿಕ್ಕಿದ್ದವು. ಜೊತೆಗೆ ಪುಟ್ಟ ಪುಟ್ಟ ಮಣ್ಣಿನ ಸ್ತೂಪಗಳು. ಅಂಥ ಅಗೆತದಲ್ಲಿ ಒಂದೊಂದು ಪದರವನ್ನೂ ಅಳೆದು, ಚಿತ್ರ ಬರೆದು, ಗುರುತು ಹಾಕಿದ ಮೇಲೆಯೇ ಮುಂದಿನ ಪದರಕ್ಕೆ ಕೈ ಹಾಕುತ್ತಾರೆ. ಒಮ್ಮೆ ತೆಗೆದದ್ದನ್ನು ಇದ್ದ ಹಾಗೆಯೇ ಮತ್ತೆ ಇಡಲಾಗುವುದಿಲ್ಲ, ಅದಕ್ಕೆ. ಗೇರ್‌ಬಾಕ್ಸನ್ನು ಮತ್ತೆ ಜೋಡಿಸಬಹುದು ನಿಜ, ಆದರೆ ಇದ್ದ ಕ್ರಮ ಗೊತ್ತಿದ್ದರೆ ಮಾತ್ರ. ಹುಡುಗ ಮೊಬೈಲಿನಲ್ಲಿ ಹೆಜ್ಜೆ ಹೆಜ್ಜೆಗೂ ಫೋಟೊ ತೆಗೆದ. ಒಂದೊಂದು ಗುಂಪಿನ ಪ್ಲೇಟುಗಳನ್ನು ಬೇರೆ ಬೇರೆ ತಟ್ಟೆಯಲ್ಲಿ, ಬಂದ ಕ್ರಮದಲ್ಲಿಯೇ ಇಟ್ಟು ಚೀಟಿ ಅಂಟಿಸಿದ. ವಾಷರುಗಳು ಯಾವ ಮುಖ ಮೇಲಾಗಿ ಇದ್ದವು ಎಂದು ಬರೆದುಕೊಂಡ.

ಒಳಗಿನ ಸ್ಪ್ರಿಂಗುಗಳ ಬಗ್ಗೆ ಒಂದು ಮಾತು. ಕ್ಲಚ್ ಡ್ರಮ್ಮಿನಲ್ಲಿ ಬಲವಾದ ಸ್ಪ್ರಿಂಗುಗಳನ್ನು ಅದುಮಿ ಒಂದು ಉಕ್ಕಿನ ಉಂಗುರದಿಂದ ಬಂಧಿಸಿರುತ್ತಾರೆ. ಸ್ಪ್ರಿಂಗನ್ನು ಪ್ರೆಸ್ಸಿನಲ್ಲಿ ಅದುಮಿ ಹಿಡಿಯದೆ ಸ್ಕ್ರೂಡ್ರೈವರಿನಿಂದ ಉಂಗುರ ಮೀಟಿದರೆ ಅದು ಬಾಣದ ಹಾಗೆ ಹಾರುತ್ತದೆ. ಹಾರಿದ್ದು ಗೋಡೆಗೆ ತಾಗಿದರೆ ಅದೃಷ್ಟ. ವಾಲ್ವ್ ಬಾಡಿಯಲ್ಲಿ ಸಾಸಿವೆಗಿಂತ ದೊಡ್ಡ, ಬಟಾಣಿಗಿಂತ ಸಣ್ಣ ಗುಂಡುಗಳಿರುತ್ತವೆ. ತಟ್ಟೆಯನ್ನು ಮಗುಚಿದರೆ ಉರುಳಿ ಹೋಗುತ್ತವೆ; ಎಷ್ಟಿದ್ದವು, ಯಾವ ಗುಳಿಯಲ್ಲಿದ್ದವು ಎಂದು ಮೊದಲೇ ಎಣಿಸಿಕೊಳ್ಳದಿದ್ದರೆ ದೇವರೇ ಗತಿ.

ಒಳಗೆ ನೋಡಿದಾಗ ಹಿಂದಿನ ಗ್ಯಾರೇಜಿನವರು ಹಾಕಿದ್ದ ಹೊಸ ಪ್ಲೇಟುಗಳೂ ಸುಟ್ಟಿದ್ದವು. ಯಾಕೆ? ಉತ್ತರ ಪೆಟ್ಟಿಗೆಯಲ್ಲಿ ಇರಲಿಲ್ಲ, ರೇಡಿಯೇಟರಿನ ಹತ್ತಿರವಿತ್ತು. ಬಿಸಿಯಾದ ಎಣ್ಣೆ ಸಣ್ಣ ಕೊಳವೆಗಳಲ್ಲಿ ಹರಿದು ಕೂಲರಿಗೆ ಹೋಗಿ ತಣಿದು ಮರಳುತ್ತದೆ. ಮೊದಲ ಸಲ ಪ್ಲೇಟುಗಳು ಸವೆದಾಗ ಅವುಗಳ ಪುಡಿ, ಲೋಹದ ಚೂರು ಎಲ್ಲ ಹೋಗಿ ಕೂಲರಿನಲ್ಲಿ ಕೂತಿತ್ತು. ಹಳೆಯ ಕನ್ವರ್ಟರಿನಲ್ಲೂ ಅದೇ ರಾಡಿ. ಪೆಟ್ಟಿಗೆಯನ್ನು ಎಷ್ಟೇ ಚೊಕ್ಕಟವಾಗಿ ಕಟ್ಟಿದರೂ ಕೂಲರ್ ತೊಳೆಯದಿದ್ದರೆ ಆ ಪುಡಿ ಮತ್ತೆ ಒಳಗೇ ಬರುತ್ತದೆ, ಕಟ್ಟಿಕೊಂಡ ಕೂಲರಿನಲ್ಲಿ ಎಣ್ಣೆಯೂ ತಣಿಯುವುದಿಲ್ಲ. ಇಪ್ಪತ್ತು ದಿನದ ಗುಟ್ಟು ಇಷ್ಟೇ. ಈ ಸಲ ಕೂಲರನ್ನೇ ಬದಲಿಸಿದರು, ಕೊಳವೆಗಳಿಗೆ ದ್ರಾವಕ ಹಾಯಿಸಿ ಗಾಳಿ ಊದಿದರು, ಕನ್ವರ್ಟರನ್ನು ಬೆಂಗಳೂರಿಗೆ ಕಳಿಸಿ ಕತ್ತರಿಸಿ, ತೊಳೆಸಿ, ಮತ್ತೆ ಬೆಸುಗೆ ಹಾಕಿಸಿ ತರಿಸಿದರು. ಸೀಲು, ಪ್ಲೇಟುಗಳ ಕಿಟ್ಟಿಗಾಗಿ ಹುಡುಗ ಜೆ.ಸಿ. ರಸ್ತೆಗೆ ಹೋಗಿ ಬಂದ.

ಕಟ್ಟುವ ದಿನ ಅಪ್ಪನೂ ಷೆಡ್ಡಿಗೆ ಬಂದಿದ್ದರು. ಮಗನನ್ನು ಮನೆಗೆ ಕರೆದೊಯ್ಯುವುದು ನೆಪ. ಅಲ್ಲಿ ಕಂಡದ್ದು ಅವರು ನೆನೆದುಕೊಂಡಿದ್ದ ಗ್ಯಾರೇಜಿನ ಹಾಗಿರಲಿಲ್ಲ. ಮೇಜಿನ ಮೇಲೆ ಹೊಸ ಪೇಪರ್ ಹಾಸಿತ್ತು. ಮಗ ಕೈ ತೊಳೆದು ಕುಳಿತಿದ್ದ. ಹೊಸ ಪ್ಲೇಟುಗಳು ಒಂದು ಪಾತ್ರೆಯಲ್ಲಿ ಕೆಂಪು ಎಣ್ಣೆಯಲ್ಲಿ ಮುಳುಗಿದ್ದವು, ಬೆಳಿಗ್ಗೆಯಿಂದ. ಒಣ ಪ್ಲೇಟು ಹಾಕಿದರೆ ಮೊದಲ ಸಲ ಹಿಡಿಯುವಾಗಲೇ ಸುಟ್ಟುಹೋಗುತ್ತದೆ, ಅದಕ್ಕೇ ನೆನೆಹಾಕುವುದು. ಗುಂಡುಗಳು, ವಾಷರುಗಳು ಜಾರದಂತೆ ಅಂಟಿಸಲು ಮಗ ಬಳಸುತ್ತಿದ್ದದ್ದು ವ್ಯಾಸಲೀನ್. 'ಗ್ರೀಸ್ ಇಲ್ವೇನೋ?' ಎಂದರು ಅಪ್ಪ. ಗ್ರೀಸು ಈ ಎಣ್ಣೆಯಲ್ಲಿ ಕರಗುವುದಿಲ್ಲ ಅಪ್ಪಾ, ಗಡ್ಡೆಯಾಗಿ ಹೋಗಿ ದಾರಿ ಕಟ್ಟುತ್ತದೆ, ವ್ಯಾಸಲೀನ್ ಬಿಸಿಗೆ ಕರಗಿ ಎಣ್ಣೆಯಲ್ಲಿ ಸೇರಿಹೋಗುತ್ತದೆ ಎಂದು ಮಗ ತಲೆಯೆತ್ತದೆ ಹೇಳಿದ. ಒಂದೊಂದು ಗುಂಪು ಜೋಡಿಸಿದ ಮೇಲೆ ಪ್ಲೇಟುಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆದು ಪುಸ್ತಕದ ಅಳತೆಯೊಂದಿಗೆ ತಾಳೆ ನೋಡಿದ. ಆಮೇಲೆ ಕಡಿಮೆ ಒತ್ತಡದ ಗಾಳಿ ಬಿಟ್ಟು ಪಿಸ್ಟನ್ ಥಪ್ಪೆಂದು ಹಿಡಿಯುತ್ತದೆಯೇ ಎಂದು ಕಿವಿಗೊಟ್ಟು ಕೇಳಿದ. ಅಪ್ಪ ಸ್ಟೂಲ್ ಎಳೆದುಕೊಂಡು ಕುಳಿತರು.

ಪೆಟ್ಟಿಗೆಯನ್ನು ಎಂಜಿನ್ನಿಗೆ ಕೂಡಿಸುವ ಹೊತ್ತಿಗೆ ಸಂಜೆ ಐದೂವರೆ. ಮಾರನೆಯ ಬೆಳಿಗ್ಗೆ ಅಮ್ಮನಿಗೆ ಡಯಾಲಿಸಿಸ್. ಮೇಷ್ಟ್ರು ಎರಡು ಸಲ ಫೋನ್ ಮಾಡಿದ್ದರು. ಭಾಯ್ ನಮಾಜಿಗೆ ಹೋಗಿದ್ದರು. ಪೆಟ್ಟಿಗೆ ಜಾಕಿನ ಮೇಲೆ ಏರಿ ಎಂಜಿನ್ನಿನ ಹತ್ತಿರ ಬಂತು, ಆದರೆ ಎರಡರ ನಡುವೆ ಒಂದು ಬೆರಳಿನಷ್ಟು ಸಂದು ಉಳಿಯಿತು. ಷೆಡ್ಡಿನ ಇನ್ನೊಬ್ಬ ಕೆಲಸಗಾರ, ವಯಸ್ಸಿನಲ್ಲೂ ಅನುಭವದಲ್ಲೂ ದೊಡ್ಡವನು, 'ನಾಲ್ಕು ಬೋಲ್ಟ್ ಹಾಕಿ ಟೈಟ್ ಮಾಡು, ತಾನೇ ಎಳ್ಕೊಳ್ತದೆ' ಎಂದು ಸ್ಪಾನರ್ ಹಿಡಿದ. ಮಾಮೂಲಿ ಗೇರ್‌ಬಾಕ್ಸಿನಲ್ಲಿ ಎಷ್ಟೋ ಸಲ ಹಾಗೆ ಮಾಡಿದ್ದವನು ಅವನು.

ಇಲ್ಲಿ ವಿಷಯ ಬೇರೆ. ಕನ್ವರ್ಟರ್ ಪೆಟ್ಟಿಗೆಯೊಳಗೆ ಮೂರು ಕಡೆ ಕಚ್ಚಿಕೊಳ್ಳಬೇಕು. ಒಳಗೆ ಹೋಗುವ ಷಾಫ್ಟಿನ ಹಲ್ಲುಗಳಿಗೆ ಒಂದು, ನಡುವಿನ ಆಧಾರದ ಹಲ್ಲುಗಳಿಗೆ ಇನ್ನೊಂದು, ಕೊನೆಗೆ ಎಣ್ಣೆ ಪಂಪಿಗೆ. ಕೈಯಲ್ಲಿ ತಿರುಗಿಸುತ್ತ ಒತ್ತಿದರೆ ಒಂದೊಂದು ಸಲವೂ ಟಕ್ಕೆಂದು ಒಳಗಿಳಿಯುತ್ತದೆ. ಎರಡಕ್ಕೆ ನಿಂತು ಮೂರನೆಯದು ಆಗದಿದ್ದರೆ ಹೊರಗಿನಿಂದ ಅಷ್ಟಾಗಿ ಗೊತ್ತಾಗುವುದಿಲ್ಲ. ಆಗ ಬೋಲ್ಟಿನಿಂದ ಎಳೆದರೆ ಪಂಪು ಒಡೆಯುತ್ತದೆ, ಒಂದು ವಾರದ ಕೆಲಸವೂ ಹೊಸ ಸಾಮಾನೂ ಅರ್ಧ ನಿಮಿಷದಲ್ಲಿ ಮಣ್ಣುಪಾಲು. ಎರಡೂ ಮುಖಗಳು ಕೈಯಲ್ಲಿ ನೂಕಿದರೇ ಕೂಡಬೇಕು, ಕೂಡಿದ ಮೇಲೂ ಕನ್ವರ್ಟರ್ ಬೆರಳಿನಿಂದ ಸಲೀಸಾಗಿ ತಿರುಗಬೇಕು. ಬೋಲ್ಟ್ ಇರುವುದು ಹಿಡಿದಿಡಲು, ಎಳೆಯಲು ಅಲ್ಲ.

ಹುಡುಗ ಸಂದಿಗೆ ಟಾರ್ಚ್ ಬಿಟ್ಟು ನೋಡಿದ. ಮೇಜಿನ ಮೇಲೆ ಅಳೆದು ಇಟ್ಟಿದ್ದ ಕನ್ವರ್ಟರ್ ಎತ್ತುವಾಗ ವಾಲಿ ಮುಂದಕ್ಕೆ ಜಾರಿತ್ತು. 'ಅಣ್ಣಾ, ಬೇಡ. ಇನ್ನೊಂದು ಟಕ್ ಆಗ್ಬೇಕು. ಇಳಿಸಾಣ' ಎಂದ. ದೊಡ್ಡವನಿಗೆ ಸಿಟ್ಟು ಬಂತು. ನಿನ್ನೆ ಬಂದವನು ಹೇಳುವುದು, ಅದೂ ಅವನಪ್ಪನ ಎದುರಿಗೇ. ಇಳಿಸಿ ಮತ್ತೆ ಏರಿಸುವುದೆಂದರೆ ಇನ್ನೂ ಎರಡು ಗಂಟೆ. ಹುಡುಗ ಜಾಕಿನ ಹಿಡಿಕೆ ಬಿಡಲಿಲ್ಲ.

ಅಪ್ಪ ಆಗ ಸುಮ್ಮನೆ ಒಂದು ಮಾತು ಹೇಳಿದರು. 'ಮಗ್ಗದಾಗೂ ಅಷ್ಟೇ ಕಣಪ್ಪಾ. ಎಳೆ ಕಡಿದ್ರೆ ನಿಲ್ಲಿಸ್ಬೇಕು. ಓಡಿಸ್ಕೊಂಡ್ ಹೋದ್ರೆ ಸೀರೆ ಪೂರ್ತಿ ಗೀರು.'

ಇಳಿಸಿದರು. ನಮಾಜು ಮುಗಿಸಿ ಬಂದ ಭಾಯ್ ಏನೂ ಕೇಳದೆ ತಾವೂ ಕೈ ಹಾಕಿದರು. ಮೂರನೆಯ ಟಕ್ ಕೇಳಿತು. ಸಮಪಟ್ಟಿ ಇಟ್ಟು ಆಳ ಅಳೆದರು. ಈ ಸಲ ಎತ್ತುವಾಗ ಜಾರದಂತೆ ಅಡ್ಡಪಟ್ಟಿ ಕಟ್ಟಿದ್ದರು. ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದಲೇ ಬಿಗಿ ಮಾಡಿದ್ದು. ಅಲ್ಯೂಮಿನಿಯಂ ಮೈಯಲ್ಲಿ ಬಲ ತೋರಿಸಿದರೆ ಮರೆ ಕಿತ್ತು ಬರುತ್ತದೆ.

ಉಳಿದದ್ದು ಎಣ್ಣೆ. ಇದರಲ್ಲೂ ಜನ ಸದರ ಮಾಡುತ್ತಾರೆ. ಕೆಂಪಗಿದ್ದರೆ ಸಾಕು ಎಂದುಕೊಳ್ಳುತ್ತಾರೆ. ಪ್ಲೇಟು ಎಷ್ಟು ಜಾರಬೇಕು, ಎಷ್ಟು ಹಿಡಿಯಬೇಕು ಎಂಬುದೇ ಎಣ್ಣೆಯ ಮೇಲೆ ನಿಂತಿರುವುದರಿಂದ ಕಾರು ತಯಾರಿಸಿದವರು ಹೇಳಿದ ದರ್ಜೆಯನ್ನೇ ಹಾಕಬೇಕು. ಒಂದು ಕಾಲಕ್ಕೆ ಅಮೆರಿಕದಲ್ಲಿ ಈ ಗುಣಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನೂ ಬೆರೆಸುತ್ತಿದ್ದರು! 1970ರ ದಶಕದ ಆರಂಭದಲ್ಲಿ ಅಲ್ಲಿ ತಿಮಿಂಗಿಲದ ರಕ್ಷಣೆಗೆ ಕಾನೂನು ಬಂದಾಗ ಎಣ್ಣೆ ಕಂಪನಿಗಳು ಬದಲಿ ಹುಡುಕಿ ಒದ್ದಾಡಬೇಕಾಯಿತು. ಕಡಲಿನ ಜೀವಿಗೂ ಕಾರಿನ ಗೇರಿಗೂ ಎಂಥ ನಂಟು ನೋಡಿ.

ಮಟ್ಟವನ್ನು ಡಬ್ಬಿ ಲೆಕ್ಕದಲ್ಲಿ ಹಾಕಿ ಬಿಡುವಂತಿಲ್ಲ. ಎಂಜಿನ್ ಓಡಿಸಿ, ಬ್ರೇಕ್ ಒತ್ತಿ, ಲಿವರನ್ನು ಪ್ರತಿ ಸ್ಥಾನದಲ್ಲೂ ಕೆಲವು ಸೆಕೆಂಡು ನಿಲ್ಲಿಸಿ, ಬಿಸಿಯಾದ ಮೇಲೆ ಸಮತಟ್ಟಾದ ಕಡೆ ನಿಲ್ಲಿಸಿ ನೋಡಬೇಕು. ಕೆಲವು ಕಾರುಗಳಲ್ಲಿ ಎಂಜಿನ್ ನಿಲ್ಲಿಸಿಯೇ ನೋಡಬೇಕೆಂಬ ನಿಯಮವಿದೆ, ಪುಸ್ತಕ ಓದದೆ ಊಹಿಸಬಾರದು. ಕಡಿಮೆಯಾದರೆ ಜಾರುತ್ತದೆ, ಹೆಚ್ಚಾದರೆ ಗಾಲಿಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ, ನೊರೆಗೆ ಒತ್ತುವ ಶಕ್ತಿಯಿಲ್ಲ.

ರಾತ್ರಿ ಒಂಬತ್ತರ ಹೊತ್ತಿಗೆ ಭಾಯ್ ಮತ್ತು ಹುಡುಗ ಘಾಟಿ ಸುಬ್ರಹ್ಮಣ್ಯದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರು. ಒಂದು, ಎರಡು, ಮೂರು, ನಾಲ್ಕು, ಎಲ್ಲವೂ ತಟ್ಟದೆ ಮುಟ್ಟದೆ ಬಿದ್ದವು. ಬಂದು ಕೆಳಗೆ ಬಗ್ಗಿ ಸೋರಿಕೆ ನೋಡಿದರು, ಮಟ್ಟ ಮತ್ತೊಮ್ಮೆ ನೋಡಿದರು. ಬೆಳಿಗ್ಗೆ ಆ ಅಮ್ಮ ಅದೇ ಕಾರಿನಲ್ಲಿ ಆಸ್ಪತ್ರೆಗೆ ಹೋದರು. ಸಾವಿರ ಕಿ.ಮೀ. ಆದ ಮೇಲೆ ತಂದು ಎಣ್ಣೆಯ ತಟ್ಟೆ ತೆಗೆಸಬೇಕೆಂದು ಮೇಷ್ಟ್ರಿಗೆ ಚೀಟಿ ಬರೆದು ಕೊಟ್ಟಿದ್ದರು. ತಟ್ಟೆಯೊಳಗಿನ ಅಯಸ್ಕಾಂತದ ಮೇಲೆ ಬೂದಿಯಂಥ ನುಣ್ಣನೆಯ ಪುಡಿ ಇದ್ದರೆ ಚಿಂತೆಯಿಲ್ಲ, ಚೂರುಗಳಿದ್ದರೆ ಇದೆ.

ಇಂಥ ಕೆಲಸಕ್ಕೆ ಮುಂದೆ ಬೇಡಿಕೆ ಇದೆಯೇ ಎಂದು ಹುಡುಗನ ಅಪ್ಪ ಭಾಯ್ ಅವರನ್ನು ಕೇಳಿದ್ದುಂಟು. ಈ ಕಡೆಯವರಿಗೆ ಉತ್ತರ ಮನೆಯ ಹತ್ತಿರವೇ ಇದೆ. ಹೊಸಕೋಟೆಯಲ್ಲಿ 1998ರಲ್ಲಿ ವೋಲ್ವೊ ಟ್ರಕ್ ಕಾರ್ಖಾನೆ ಆರಂಭವಾಯಿತು. ಬಿ.ಎಂ.ಟಿ.ಸಿ. 2006ರಲ್ಲಿ ರಸ್ತೆಗಿಳಿಸಿದ ವೋಲ್ವೊ ನಗರ ಬಸ್ಸುಗಳಲ್ಲಿ ಕ್ಲಚ್ ಪೆಡಲ್ ಇರಲಿಲ್ಲ. ದಿನಕ್ಕೆ ನೂರಾರು ಸಲ ನಿಂತು ಹೊರಡುವ ಬಸ್ಸಿಗೆ ಆಟೋಮ್ಯಾಟಿಕ್ ಪೆಟ್ಟಿಗೆ. 2014ರಲ್ಲಿ ಮಾರುತಿ ಸೆಲೆರಿಯೋ ಬಂದ ಮೇಲೆ ಸಣ್ಣ ಕಾರುಗಳಲ್ಲೂ ಎರಡು ಪೆಡಲ್ ಸಾಮಾನ್ಯವಾಯಿತು. ಆದರೆ ಅದು ಮಾಮೂಲಿ ಗೇರ್‌ಬಾಕ್ಸಿಗೇ ಯಂತ್ರದ ಕೈಕಾಲು ಜೋಡಿಸಿದ ಬಗೆ, ಒಳಗೆ ಕನ್ವರ್ಟರೂ ಇಲ್ಲ, ಗ್ರಹಗಾಲಿಯೂ ಇಲ್ಲ. ಉಕ್ಕಿನ ಬೆಲ್ಟ್ ಮತ್ತು ರಾಟೆಗಳಿಂದ ನಡೆಯುವುದು ಮತ್ತೊಂದು ಬಗೆ, ಅದರ ಎಣ್ಣೆಯೇ ಬೇರೆ. ಮೂರಕ್ಕೂ 'ಆಟೋಮ್ಯಾಟಿಕ್' ಎಂದೇ ಹೆಸರು. ಯಾವುದೆಂದು ತಿಳಿಯದೆ ಎಣ್ಣೆ ಸುರಿಯುವ ಮೆಕ್ಯಾನಿಕ್ಕಿನಿಂದ ದೂರ ಇರುವುದು ಕ್ಷೇಮ.

ಕಲಿಯುವವರಿಗೆ ದಾರಿಗಳಿವೆ. ಎಸ್ಸೆಸ್ಸೆಲ್ಸಿ ನಂತರ ಐ.ಟಿ.ಐ.ಯಲ್ಲಿ ಎರಡು ವರ್ಷದ ಮೋಟಾರು ವಾಹನ ಕೋರ್ಸ್; ಅದು ಮುಗಿದ ಮೇಲೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ಅವಕಾಶವೂ ಇದೆ. ಬಿಡದಿಯಲ್ಲಿ ಟೊಯೊಟಾದವರು 2007ರಲ್ಲಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆ, ಗ್ರಾಮೀಣ ಕರ್ನಾಟಕದ ಬಡ ಮಕ್ಕಳಿಗಾಗಿಯೇ ಆರಂಭವಾದದ್ದು, ಮೂರು ವರ್ಷದ ತರಬೇತಿ.

ಅದೇ ಬಿಡದಿಯಿಂದ 2022ರ ಕೊನೆಯಲ್ಲಿ ಬಂದ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಕಾರಿನ ಗೇರ್‌ಬಾಕ್ಸಿನಲ್ಲಿ ಗ್ರಹಗಾಲಿಯ ಜೊತೆಗೆ ವಿದ್ಯುತ್ ಮೋಟಾರುಗಳೂ ಇವೆ. ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿಗಳಿರುತ್ತವೆ. ಆ ತಂತಿಗಳಲ್ಲಿ ಹರಿಯುವುದು ಮನೆ ಕರೆಂಟಿಗಿಂತ ಹೆಚ್ಚಿನ ವೋಲ್ಟೇಜು. ಸಣ್ಣ ಬ್ಯಾಟರಿಯ ತಂತಿ ಬಿಚ್ಚಿದರೆ ಸಾಲದು. ವಿದ್ಯುತ್ ತಡೆಯುವ ರಬ್ಬರ್ ಕೈಗವಸು ಹಾಕಿಕೊಂಡೇ ದೊಡ್ಡ ಬ್ಯಾಟರಿಯ ಸರ್ವೀಸ್ ಪ್ಲಗ್ ಕಿತ್ತು ಜೇಬಿನಲ್ಲಿಟ್ಟುಕೊಂಡು, ಒಳಗೆ ಉಳಿದ ವಿದ್ಯುತ್ತು ಇಳಿಯುವವರೆಗೆ ಪುಸ್ತಕ ಹೇಳಿದಷ್ಟು ನಿಮಿಷ ಕಾದು, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಮುಟ್ಟಬೇಕು. ಅಂಥದ್ದೊಂದು ಕಾರು ಷೆಡ್ಡಿನ ಬಾಗಿಲಿಗೆ ಬಂದಾಗ ಭಾಯ್ ಒಳಗೆ ಬಿಟ್ಟುಕೊಳ್ಳಲಿಲ್ಲ, ವಾಪಸ್ ಕಳಿಸಿದರು. ಹುಡುಗ ಹೋಗಿ ಅದರ ತರಬೇತಿ ಮುಗಿಸಿಕೊಂಡು ಬಂದ ಮೇಲೆ ನೋಡೋಣ, ಅಲ್ಲಿಯವರೆಗೆ ಕಿತ್ತಳೆ ತಂತಿ ಇರುವ ಗಾಡಿಗೆ ಈ ಷೆಡ್ಡಿನಲ್ಲಿ ಜಾಗವಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.